ತಕ್ಕಡಿಗೆ ಇಟ್ಟ ಕಲ್ಲು

ಸಿಟ್ಟನ್ನೂ ನಿರ್ಧಾರವನ್ನೂ ಬೇರೆ ಬೇರೆಯಾಗಿ ತೂಗಬಲ್ಲ ಯಂತ್ರವೊಂದು ಬಂದರೆ ಅದನ್ನು ಮೊದಲು ಕೊಳ್ಳುವವರು ಯಾರು? ಗಂಡಹೆಂಡಿರು ಎಂದುಕೊಂಡಿರಾದರೆ ತಪ್ಪಾಯಿತು. ಕೊಂಡದ್ದು ಪೊಲೀಸ್ ಇಲಾಖೆ. ಅದಕ್ಕೆ ಕಾರಣವೂ ಇತ್ತು. ಹೊಸದಾಗಿ ಆದ ಮಲಪ್ರಭಾ ಜಿಲ್ಲೆಯ ಪೊಲೀಸರಿಗೆ ದಿನ ಬೆಳಗಾದರೆ ನಲವತ್ತು ಐವತ್ತು ಬೆದರಿಕೆಗಳು ಬರುತ್ತಿದ್ದವು. ಕೈಕಾಲು ಮುರಿಯುತ್ತೇನೆ ಎನ್ನುವವನು, ಮೈಮೇಲಿನ ಖಾಕಿ ಬಿಚ್ಚಿಸುತ್ತೇನೆ ಎನ್ನುವವನು, ಮಂತ್ರಿ ನಮ್ಮ ಬೀಗರು ಎನ್ನುವವನು. ಇವರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ ಬೊಗಳುವ ನಾಯಿಗಳು, ಸಂಜೆಗೆ ಸಿಟ್ಟಿಳಿದು ಉಂಡು ಮಲಗುವವರು. ಉಳಿದ ಇಬ್ಬರನ್ನು ಹುಡುಕುವುದೇ ಕಷ್ಟ. ಏಕೆಂದರೆ ಆ ಇಬ್ಬರು ಬೊಗಳುವುದಿಲ್ಲ, ಕುಶಲ ವಿಚಾರಿಸುತ್ತಾರೆ.

ಯಂತ್ರದ ಸರಕಾರಿ ಹೆಸರು ನಿರ್ಧಾರ ಮಾಪಕ. ಕಲ್ಹಾಳದ ಬೆದರಿಕೆ ಪರಿಶೀಲನಾ ಕೋಶದವರು ಅದನ್ನು ತಕ್ಕಡಿ ಎಂದು ಕರೆಯುತ್ತಿದ್ದರು. ಅದರ ಒಳಗುಟ್ಟು ದೊಡ್ಡದೇನಲ್ಲ. ಸಿಟ್ಟು ಬಂದವನ ಉಸಿರು ಅವನ ಮಾತಿಗಿಂತ ಮುಂದೆ ಓಡುತ್ತದೆ. ಮಾಡಿಯೇ ತೀರುತ್ತೇನೆಂದು ಒಳಗೇ ಮುಗಿಸಿಕೊಂಡವನ ಉಸಿರು ಮಾತಿಗಾಗಿ ಕಾಯುತ್ತದೆ. ಆ ಕಾಯುವಿಕೆ ಸೆಕೆಂಡಿನ ನೂರರಲ್ಲಿ ಒಂದು ಪಾಲು, ಮನುಷ್ಯರ ಕಿವಿಗೆ ಸಿಗುವಂಥದ್ದಲ್ಲ. ಕರೆ ಬಂತೋ, ಧ್ವನಿಸಂದೇಶ ಬಂತೋ, ತಕ್ಕಡಿ ಅದನ್ನು ಕೇಳಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಹೇಳುತ್ತಿತ್ತು. ಅರವತ್ತು ದಾಟಿದರೆ ಬೆದರಿಕೆಗೆ ಗುರಿಯಾದ ಪೊಲೀಸರ ಮನೆಗೆ ಕಾವಲು. ಎಂಬತ್ತು ದಾಟಿದರೆ ಆ ಮಾತಾಡಿದವನೇ ಶಮನ ಕೇಂದ್ರಕ್ಕೆ. ಅಲ್ಲಿ ಅವನ ಅಂಕ ಇಳಿಯುವ ತನಕ ಇರಬೇಕು. ಕೋರ್ಟಿಲ್ಲ, ಜಾಮೀನಿಲ್ಲ. ಜನ ಅದಕ್ಕೆ ಆರೋ ಮನಿ ಎಂದು ಹೆಸರಿಟ್ಟಿದ್ದರು. ಬಿಸಿಯಾದದ್ದು ಆರುವ ತನಕ ಇಡುವ ಮನೆ ಅಲ್ಲವೇ, ಹಾಗಾಗಿ.

ಒಂದೇ ತೊಡಕಿತ್ತು. ಸುಮ್ಮನೆ ಸಮಾಧಾನವಾಗಿರುವವನ ಉಸಿರೂ ಮಾತಿಗಾಗಿ ಚೂರು ಕಾಯುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಹತ್ತಕ್ಕೆ ಶಾಂತ ಮನುಷ್ಯರೊಬ್ಬರ ಧ್ವನಿ ಕೇಳಿಸಿ, ಇಗೋ ಇದು ಸೊನ್ನೆ, ಇಲ್ಲಿಂದ ಎಣಿಸು ಎಂದು ತಕ್ಕಡಿಗೆ ಹೇಳಬೇಕಿತ್ತು. ಸೊನ್ನೆ ಕೂಡಿಸುವುದು ಎಂದು ಅದಕ್ಕೆ ಹೆಸರು. ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ಸಮವಸ್ತ್ರದಲ್ಲಿ ನಿಂತು ಅಂದಿನ ಹಾಜರಿ ಪಟ್ಟಿ ಓದಬೇಕು ಎಂದು ಇಲಾಖೆಯ ಸುತ್ತೋಲೆ. ಕೋಶದಲ್ಲಿ ಆ ದರ್ಜೆಯವಳು ನೀಲಗಂಗಾ ಅಣ್ಣಿಗೇರಿ ಒಬ್ಬಳೇ. ಹದಿನಾಲ್ಕು ತಿಂಗಳಿಂದ ಅವಳೇ ಓದುತ್ತಿದ್ದಳು.

"ಮೇಡಂ ಹಾಜರಿ ಓದಿದ್ರ ದೇವರ ಮನ್ಯಾಗ ಕುಂತಂಗ ಆಗ್ತೈತ್ರಿ," ಎನ್ನುತ್ತಿದ್ದಳು ಫರ್ಹಾನಾ ಸವಣೂರ. ಅವಳು ಯಂತ್ರ ನೋಡಿಕೊಳ್ಳುವ ಇಂಜಿನಿಯರು, ಖಾಕಿಯವಳಲ್ಲ. ಚಹಾಕ್ಕೆ ಮೂರು ಚಮಚೆ ಸಕ್ಕರೆ ಹಾಕಿಕೊಂಡು ಜಗತ್ತಿನ ತೂಕದ ಬಗ್ಗೆ ಮಾತಾಡುವವಳು. ನೀಲಗಂಗಾ ನಗುತ್ತಿದ್ದಳು. ಅವಳು ಆ ಕೋಶಕ್ಕೆ ಕೇಳಿ ಹಾಕಿಸಿಕೊಂಡು ಬಂದದ್ದು ಏಕೆಂದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಎಲ್ಲರೂ ಅದನ್ನು ಕರ್ತವ್ಯನಿಷ್ಠೆ ಎಂದು ಕರೆದು ಕೈ ತೊಳೆದುಕೊಂಡಿದ್ದರು.

ಅವಳ ಗಂಡ ಫಕ್ಕೀರೇಶ ಹೆಡ್ ಕಾನ್‌ಸ್ಟೇಬಲ್. ಮೂರು ವರ್ಷದ ಹಿಂದೆ ವಿರೂಪಾಕ್ಷ ಸಂಕನಾಳ ಎಂಬ ಜಲ್ಲಿ ಕ್ರಷರಿನ ಮಾಲೀಕ ಶಾಲೆಯ ಗೋಡೆ ಬಿರಿಯುವಂತೆ ಗುಡ್ಡಕ್ಕೆ ಮದ್ದಿಡುತ್ತಿದ್ದಾಗ ಫಕ್ಕೀರೇಶ ಎರಡು ಸಲ ಅವನ ಟಿಪ್ಪರು ತಡೆದಿದ್ದ. ಮೂರನೆಯ ಸಲಕ್ಕೆ ಮೊದಲು ಠಾಣೆಗೆ ಅವನದೊಂದು ಕರೆ ಬಂತು. "ಏನ್ ಸಾಹೇಬ್ರ, ಆರಾಮ ಅದೀರಿ? ಹಿಂಗ ಆರಾಮ ಇರ್ರಿ," ಅಷ್ಟೇ. ಆಗ ಇನ್ನೂ ತಕ್ಕಡಿ ಬಂದಿರಲಿಲ್ಲ. ಠಾಣೆಯಲ್ಲಿ ಯಾರೋ ಪುಸ್ತಕದಲ್ಲಿ 'ಸಾಮಾನ್ಯ ಕರೆ' ಎಂದು ಬರೆದರು. ಒಂಬತ್ತು ದಿನಕ್ಕೆ ಸಂಕನಾಳನ ಟಿಪ್ಪರೊಂದು ಫಕ್ಕೀರೇಶನ ಮೇಲೆ ಹಿಂದಕ್ಕೂ ಮುಂದಕ್ಕೂ ಎರಡು ಸಲ ಹಾಯಿತು. ಬ್ರೇಕು ಹೋಗಿತ್ತಂತೆ. ಬ್ರೇಕು ಹೋದ ಗಾಡಿ ಹಿಂದಕ್ಕೇಕೆ ಬಂತು ಎಂದು ಕೋರ್ಟು ಕೇಳಲಿಲ್ಲ.

ತಕ್ಕಡಿ ಬಂದ ಮೊದಲ ವಾರವೇ ನೀಲಗಂಗಾ ಆ ಹಳೆಯ ಕರೆಯ ಧ್ವನಿಮುದ್ರಣ ತಂದು ಅದಕ್ಕೆ ಕೇಳಿಸಿದಳು. ತೊಂಬತ್ತೊಂದು ಎಂದಿತು ತಕ್ಕಡಿ. ಅವಳು ಆ ಅಂಕವನ್ನು ಬಹಳ ಹೊತ್ತು ನೋಡಿದಳು. ಆದರೆ ಕಾಯ್ದೆ ಹಿಂದಿನದಕ್ಕೆ ಅನ್ವಯಿಸುವುದಿಲ್ಲ. ಸಂಕನಾಳ ಹೊಸದಾಗಿ, ಇವತ್ತು, ಪೊಲೀಸರೊಬ್ಬರಿಗೆ ಆ ದನಿಯಲ್ಲಿ ಮಾತಾಡಬೇಕಿತ್ತು.

ಮನೆಯಲ್ಲಿ ಅತ್ತೆ ಗೌರವ್ವ ದಿನಾ ಸಂಜೆ ರೊಟ್ಟಿ ತಟ್ಟುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಏನಾತು ಆ ಸಂಕನಾಳಂದು?"

"ಇನ್ನೂ ಏನೂ ಇಲ್ರಿ ಅತ್ತಿ."

"ನನ್ನ ಮಗನ್ನ ತಿಂದಾಂವ ಎರಡ ಹೊತ್ತು ಉಣ್ಣಾಕತ್ತಾನ. ನಾ ರೊಟ್ಟಿ ಬಡಿಯೂ ಮುಂದ ಅವನ ಮಾರಿ ನೆನಸಿ ಬಡೀತೇನಿ," ಎಂದು ಗೌರವ್ವ ಹಿಟ್ಟಿನ ಮೇಲೆ ಅಂಗೈ ಇಳಿಸುತ್ತಿದ್ದಳು. ಆ ಮನೆಯ ರೊಟ್ಟಿ ಹಾಳೆಯಂತೆ ತೆಳ್ಳಗಿರುತ್ತಿದ್ದವು. ಹನ್ನೊಂದು ವರ್ಷದ ಮಗಳು ಮಧುರಾ ಪಕ್ಕದಲ್ಲಿ ಕೂತು ಲೆಕ್ಕ ಮಾಡುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹಟಮಾರಿ ಹುಡುಗಿ. ತಲೆ ಬಾಚಿದರೆ ಅಳುತ್ತಿದ್ದಳು, ಹಾಲು ಕೊಟ್ಟರೆ ಅಳುತ್ತಿದ್ದಳು.

ತಕ್ಕಡಿ ಬಂದು ಒಂಬತ್ತು ತಿಂಗಳಾದ ಮೇಲೆ, ಕೋರ್ಟು ಸಂಕನಾಳನನ್ನು ಬಿಟ್ಟ ದಿನ ನೀಲಗಂಗಾ ಅಳಲಿಲ್ಲ. ಮೆಟ್ಟಿಲ ಮೇಲೆ ಅವನಿಗೆ ಮಾಲೆ ಹಾಕುತ್ತಿದ್ದರು. ಗಂಧದ ಮಾಲೆ, ನಡುವೆ ಒಂದು ಗುಲಾಬಿ. ಅವಳು ಹತ್ತು ಹೆಜ್ಜೆ ದೂರದಲ್ಲಿ ನಿಂತು ಅವನ ಕೊರಳನ್ನು ನೋಡುತ್ತ ಒಳಗೊಳಗೇ ಒಂದು ಮಾತು ಮುಗಿಸಿಕೊಂಡಳು. ಕಾಯ್ದೆಗೆ ಸಿಕ್ಕರೆ ಕಾಯ್ದೆಯಿಂದ, ಸಿಗದಿದ್ದರೆ ಈ ಕೈಯಿಂದ. ಮುಗಿಸಿಕೊಂಡ ಮೇಲೆ ಅವಳಿಗೆ ಬಹಳ ಹಗುರಾಯಿತು. ಅಂದು ಮನೆಗೆ ಹೋಗಿ ಮೂರು ರೊಟ್ಟಿ ತಿಂದಳು, ರಾತ್ರಿ ನಿದ್ದೆಯೂ ಬಂತು. ಮರುದಿನ ಹತ್ತಕ್ಕೆ ಹಾಜರಿ ಓದಿದಾಗ ಅವಳ ಧ್ವನಿ ಕೆರೆಯ ನೀರಿನ ಹಾಗಿತ್ತು ಎಂದು ಫರ್ಹಾನಾ ಹೊಗಳಿದಳು.

ಆಮೇಲೆ ಅವಳು ಸಂಕನಾಳನನ್ನು ಕೆಣಕತೊಡಗಿದಳು. ಅದಕ್ಕೆ ಏನು ಕಷ್ಟ? ಸಮವಸ್ತ್ರವಿದ್ದವರಿಗೆ ನೂರು ದಾರಿ. ಅವನ ಕ್ರಷರಿನ ಎದುರು ಬೈಕು ನಿಲ್ಲಿಸಿ ಸುಮ್ಮನೆ ಒಂದು ತಾಸು ಕೂರುವಳು. ಅವನು ಕ್ಷೌರಕ್ಕೆ ಹೋದರೆ ಪಕ್ಕದ ಕುರ್ಚಿಯಲ್ಲಿ ಮಗಳನ್ನು ಕೂದಲು ಕತ್ತರಿಸಲು ಕೂರಿಸುವಳು. ಅವನ ಮಗಳ ನಿಶ್ಚಿತಾರ್ಥಕ್ಕೆ ಕರೆಯದೆ ಹೋಗಿ, ಬೀಗರ ಸಾಲಿನಲ್ಲಿ ಕೂತು, ಹೋಳಿಗೆ ಬಡಿಸಿಕೊಂಡು, "ತುಪ್ಪ ಇನ್ನೊಂಚೂರು ಹಾಕ್ರಿ," ಎಂದಳು. ವರನ ಕಡೆಯವರು ಯಾರಿವರು ಎಂದು ಕೇಳಿದಾಗ, "ಇವರ ಗಾಡಿ ಕೆಳಗ ಸತ್ತಾವರ ಹೆಂಡ್ತಿ," ಎಂದು ಸಮಾಧಾನವಾಗಿ ಪರಿಚಯ ಹೇಳಿಕೊಂಡಳು. ಆ ಸಂಬಂಧ ಮುರಿಯಿತು. ಆ ಹುಡುಗಿಯ ತಪ್ಪೇನಿತ್ತು ಎಂದು ನೀಲಗಂಗಾ ಕೇಳಿಕೊಳ್ಳಲಿಲ್ಲ.

ಸಂಬಂಧ ಮುರಿದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದೂವರೆಗೆ, ಕೋಶದ ಫೋನಿಗೆ ಕರೆ ಬಂತು.

"ಮೇಡಂ, ನಾನ್ರಿ, ವಿರೂಪಾಕ್ಷ. ಹೋಳಿಗಿ ಚಲೋ ಇದ್ದೂವಲ್ರಿ?"

"ಚಲೋ ಇದ್ದೂವ್ರಿ."

"ನಿಮ್ಮ ಯಜಮಾನ್ರಿಗೂ ನಾ ಇದನ್ನ ಹೇಳಿದ್ದೆ. ಆರಾಮ ಇರ್ರಿ. ಮನ್ಯಾಗ ಸಣ್ಣ ಮಗಳದಾಳ, ವಯಸ್ಸಾದಾಕಿ ಅದಾಳ. ಆರಾಮ ಇರ್ರಿ."

"ನೀವೂ ಆರಾಮ ಇರ್ರಿ. ನಾ ಬರ್ತೇನಿ ನಿಮ್ಮ ಕಡೆ," ಎಂದಳು ನೀಲಗಂಗಾ. ಫೋನು ಇಟ್ಟು ಫರ್ಹಾನಾಳ ಪರದೆಯ ಕಡೆ ತಿರುಗಿದಳು. ಅವಳ ಎದೆ ಡವಡವ ಎನ್ನಲಿಲ್ಲ. ಬಲೆಗೆ ಬಿದ್ದ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಪರದೆಯ ಮೇಲೆ ಇಪ್ಪತ್ತೆರಡು ಎಂದು ಬಂತು.

"ಇನ್ನೊಮ್ಮೆ ಹಾಕು," ಎಂದಳು. ಫರ್ಹಾನಾ ಹಾಕಿದಳು. ಇಪ್ಪತ್ತೆರಡು. ಕರೆಯಲ್ಲಿದ್ದ ಇನ್ನೊಂದು ಧ್ವನಿಯ ಮುಂದೆ ಎರಡು ಎಂದಿತ್ತು. ಅದು ನೀಲಗಂಗಾಳದು. ಪೊಲೀಸರ ಧ್ವನಿ ಯಾವಾಗಲೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆಂದು ಅದನ್ನು ಯಾರೂ ನೋಡುತ್ತಿರಲಿಲ್ಲ.

"ಅಂವ ಬರೇ ಸಿಟ್ಟಿನ್ಯಾಗ ಅಂದಾನ್ರಿ ಮೇಡಂ. ಮಗಳ ಮದುವಿ ಮುರದೈತಿ, ಅಪ್ಪಗ ಅಷ್ಟೂ ಇರಂಗಿಲ್ಲೇನ್ರಿ?" ಎಂದಳು ಫರ್ಹಾನಾ. ನೀಲಗಂಗಾ ಆ ಕರೆಯನ್ನು ತಾನೇ ಇನ್ನೊಮ್ಮೆ ಕೇಳಿದಳು. ಈ ಧ್ವನಿ ಅವಳಿಗೆ ಬಾಯಿಪಾಠವಾಗಿತ್ತು. ಇದು ಅದೇ ಧ್ವನಿ. ಅದೇ ಮನುಷ್ಯ, ಅದೇ ಮಾತು, ಆಗ ತೊಂಬತ್ತೊಂದು, ಈಗ ಇಪ್ಪತ್ತೆರಡು. ತಕ್ಕಡಿಯೂ ಅವನ ಕೊರಳಿಗೆ ಮಾಲೆ ಹಾಕಿತೋ ಎಂದು ಅವಳಿಗೆ ಆ ಯಂತ್ರದ ಮೇಲೆಯೇ ಹಗೆ ಹುಟ್ಟಿತು. ಹಾಗಾದರೆ ಕೈಯಿಂದಲೇ ಆಗಬೇಕು ಎಂದುಕೊಂಡಳು. ಆ ವಾರದಿಂದ ಅವಳು ಸಂಕನಾಳನ ದಿನಚರಿ ಬರೆದಿಡತೊಡಗಿದಳು. ಎಷ್ಟಕ್ಕೆ ಏಳುತ್ತಾನೆ, ಯಾವ ದಾರಿಯಲ್ಲಿ ನಡೆಯುತ್ತಾನೆ, ಯಾವ ತಿರುವಿನಲ್ಲಿ ಒಬ್ಬನೇ ಇರುತ್ತಾನೆ.

ಅದು ಆಗುವ ಮೊದಲು ರುಕ್ಮವ್ವನ ಪ್ರಕರಣವಾಯಿತು.

ರುಕ್ಮವ್ವ ತಳವಾರ ಮಹಿಳಾ ಠಾಣೆಯ ಕಾನ್‌ಸ್ಟೇಬಲ್. ಗಂಡನಿಂದ ಒದೆ ತಿಂದ ಹೆಂಗಸೊಬ್ಬಳನ್ನು ತವರಿಗೆ ಮುಟ್ಟಿಸಿದ್ದಳು. ಆ ಗಂಡ ಠಾಣೆಗೆ ಧ್ವನಿಸಂದೇಶ ಕಳಿಸಿದ್ದ. ತಕ್ಕಡಿ ಹದಿನಾಲ್ಕು ಎಂದಿತು. ಕಡತಕ್ಕೆ ಸಹಿ ಹಾಕಿ ಕಾವಲು ಬೇಡ ಎಂದು ಬರೆದದ್ದು ನೀಲಗಂಗಾ. ನಾಲ್ಕನೆಯ ದಿನ ಸಂತೆಯಲ್ಲಿ ಹೀರೇಕಾಯಿ ಆರಿಸುತ್ತಿದ್ದ ರುಕ್ಮವ್ವನ ಮುಖಕ್ಕೆ ಆ ಮನುಷ್ಯ ಹಿಂದಿನಿಂದ ಬಂದು ಕಬ್ಬಿಣದ ಸರಳು ಬೀಸಿದ. ಜೀವ ಉಳಿಯಿತು, ಎಡಗಣ್ಣು ಹೋಯಿತು.

ಆಸ್ಪತ್ರೆಗೆ ಹೋದಾಗ ರುಕ್ಮವ್ವ ಉಳಿದ ಕಣ್ಣಿನಲ್ಲಿ ನೋಡಿದಳು.

"ಮೇಡಂ, ನೀವ ಹೇಳಿದ್ರಿ, ಅಂಜಬ್ಯಾಡ, ತಕ್ಕಡಿ ಹದಿನಾಲ್ಕ ಅಂದೈತಿ ಅಂತ. ಅದಕ್ಕ ನಾ ಒಬ್ಬಾಕಿನ ಸಂತಿಗೆ ಹೋದೆ."

ನೀಲಗಂಗಾ ತಲೆ ಬಗ್ಗಿಸಿ ನಿಂತಳು. ತನ್ನ ಗಂಡನ ಕರೆಯ ಮುಂದೆ 'ಸಾಮಾನ್ಯ' ಎಂದು ಬರೆದ ಕೈಯನ್ನು ಮೂರು ವರ್ಷ ಶಪಿಸಿದವಳು ಈಗ ಅದೇ ಕೈಯಾಗಿದ್ದಳು. ಅಲ್ಲಿಂದ ನೇರ ಕೋಶಕ್ಕೆ ಬಂದು ಫರ್ಹಾನಾಳಿಗೆ, ತಕ್ಕಡಿಯ ಹೊಟ್ಟೆ ಬಗೆದು ನೋಡು, ತಪ್ಪು ಸಿಗುವ ತನಕ ಏಳಬೇಡ ಎಂದಳು.

ಫರ್ಹಾನಾ ಎರಡು ದಿನ ಕೂತಳು. ಎರಡನೆಯ ದಿನ ಮಧ್ಯಾಹ್ನ ಚಹಾ ಮುಟ್ಟದೆ ನೀಲಗಂಗಾಳನ್ನು ಕರೆದಳು.

"ತಕ್ಕಡಿ ಸರಿ ಐತ್ರಿ. ಕಲ್ಲ ತಪ್ಪೈತಿ."

"ಯಾವ ಕಲ್ಲು?"

ಫರ್ಹಾನಾ ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ಹದಿನಾಲ್ಕು ತಿಂಗಳ ಸೊನ್ನೆಗಳ ಗೆರೆ. ಮೊದಲ ಒಂಬತ್ತು ತಿಂಗಳು ನೆಟ್ಟಗೆ ಬಂದು, ಐದು ತಿಂಗಳ ಹಿಂದೆ ಒಂದು ದಿನ ಗುಡ್ಡ ಹತ್ತಿದ ಹಾಗೆ ಮೇಲೆ ಹೋಗಿ, ಅಲ್ಲೇ ನಿಂತಿತ್ತು. ಆ ದಿನಾಂಕವನ್ನು ನೀಲಗಂಗಾ ಓದಬೇಕಾಗಿರಲಿಲ್ಲ. ಅದು ತೀರ್ಪಿನ ಮರುದಿನ.

"ಕಂಪನಿ ಪುಸ್ತಕದಾಗ ಬರದಾರ್ರಿ, ದಿನಾ ಬ್ಯಾರೆ ಬ್ಯಾರೆ ಮಂದಿ ಓದ್ಲಿ, ಯಾರಾರ ಆಗ್ಲಿ, ಚಹಾದಾಂವ ಆದ್ರೂ ಆಗ್ಲಿ ಅಂತ. ನಿಮ್ಮ ಇಲಾಖೆದವ್ರು ಸುತ್ತೋಲಿ ಬರಿಯೂ ಮುಂದ ದರ್ಜೆ ಹಾಕಿದ್ರು. ಪೊಲೀಸ್ ಠಾಣ್ಯಾಗ ಪೊಲೀಸರಕಿಂತ ಶಾಂತ ಯಾರದಾರ ಅಂತ ತಿಳ್ಕೊಂಡ್ರೋ ಏನೋ." ಫರ್ಹಾನಾ ಆ ಗೆರೆಯ ಮೇಲೆ ಬೆರಳಿಟ್ಟಳು. "ಮೇಡಂ, ನಿಮ್ಮ ಧ್ವನಿ ಶಾಂತ ಅಲ್ರಿ. ಅದು ಮುಗಿಸಿಕೊಂಡಾವರ ಧ್ವನಿ. ಅದನ್ನ ಸೊನ್ನಿ ಅಂತ ಇಟ್ಟ ಮ್ಯಾಲ, ಕೊಲ್ಲಾಕ ನಿಂತಾವರೆಲ್ಲಾ ಅದಕ್ಕ ಸಮಾ ಕಂಡ್ರು."

ನೀಲಗಂಗಾ ಕುರ್ಚಿಯಲ್ಲಿ ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಐದು ತಿಂಗಳಲ್ಲಿ ಅವಳು ಸಹಿ ಹಾಕಿದ ನೂರಾರು ಕಡತಗಳಿದ್ದವು. ರುಕ್ಮವ್ವನದು ಒಂದು, ಉಳಿದವರು ಅದೃಷ್ಟವಂತರು, ಅಷ್ಟೇ. ಅವಳಿಗೆ ನಾಚಿಕೆಯಾಯಿತು. ಮೈಯೆಲ್ಲ ಬೆವರುವಷ್ಟು ನಾಚಿಕೆ. ಆದರೆ ಆ ನಾಚಿಕೆಯ ಕೆಳಗೇ, ಒಲೆಯ ಬೂದಿಯೊಳಗಿನ ಕೆಂಡದ ಹಾಗೆ, ಇನ್ನೊಂದು ಯೋಚನೆ ಆಗಲೇ ಕಣ್ಣು ಬಿಟ್ಟಿತ್ತು.

"ಸರಿಯಾದ ಸೊನ್ನಿ ಇಟ್ಟು ಸಂಕನಾಳನ ಕರೆ ತೂಗು," ಎಂದಳು.

ಫರ್ಹಾನಾ ತಾನೇ ಹಾಜರಿ ಓದಿ ಸೊನ್ನೆ ಕೂಡಿಸಿದಳು. ಸುತ್ತೋಲೆಗೆ ವಿರುದ್ಧ, ಆದರೂ ಓದಿದಳು. ರುಕ್ಮವ್ವನನ್ನು ಹೊಡೆದವನದು ಎಪ್ಪತ್ತೊಂಬತ್ತು ಬಂತು. ಸಂಕನಾಳನದು ಎಂಬತ್ತಮೂರು. ಅದರ ಕೆಳಗೆ ಎರಡನೆಯ ಧ್ವನಿ, ನೀಲಗಂಗಾಳದು, ತೊಂಬತ್ತೆರಡು.

ಫರ್ಹಾನಾ ಪರದೆ ಆರಿಸಿದಳು.

"ಇದನ್ನ ಕಳಸಬ್ಯಾಡ್ರಿ," ಎಂದಳು ಫರ್ಹಾನಾ. "ಸೊನ್ನಿ ತಪ್ಪಿತ್ತು, ನಾಳಿಂದ ಸರಿ ಮಾಡ್ತೇವಿ ಅಂತ ಬರೀರಿ. ಹಳೇ ಕರೆ ತಿರುಗಿ ತೂಗ್ರಿ ಅಂತ ಯಾರೂ ಕೇಳಂಗಿಲ್ಲ. ಕಳಿಸಿದ್ರ ಎರಡೂ ಅಂಕಿ ಹೋಗ್ತಾವ. ಒಂದ ಹೋಗ್ಲಿ, ಇನ್ನೊಂದ ಬ್ಯಾಡ ಅಂದ್ರ ಯಂತ್ರ ಕೇಳಂಗಿಲ್ರಿ."

ಅದು ನಿಜ. ಕರೆಯೊಂದರಲ್ಲಿ ಕೇಳಿಬರುವ ಪ್ರತಿ ಧ್ವನಿಯ ಅಂಕವೂ ವರದಿಯಲ್ಲಿ ಇರಬೇಕು. ಎಂಬತ್ತು ದಾಟಿದ 'ಯಾವುದೇ ವ್ಯಕ್ತಿ' ಶಮನ ಕೇಂದ್ರಕ್ಕೆ ಹೋಗಬೇಕು ಎಂದು ಕಾಯ್ದೆಯಲ್ಲಿತ್ತು. ಪೊಲೀಸರನ್ನು ಬಿಟ್ಟು ಎಂದು ಸೇರಿಸಲು ಕಾಯ್ದೆ ಬರೆದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

"ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತಾರ," ಎಂದಳು ನೀಲಗಂಗಾ. "ನನ್ನ ಹಾವು ಕೋಲು ಮುರದ್ರನ ಸಾಯೂದು. ಮುರೀಲಿ ಬಿಡು."

"ಮಧುರಾ ಅದಾಳ್ರಿ ಮನ್ಯಾಗ."

"ಅತ್ತಿ ಅದಾರ."

ಅವಳು ವರದಿಗೆ ಸಹಿ ಹಾಕಿದಳು. ರುಕ್ಮವ್ವನ ಕಣ್ಣಿಗೂ ತಾನೇ ಕಾರಣವೆಂದು ಕೆಳಗೆ ಬರೆದಳು. ಅದನ್ನು ಬರೆದದ್ದು ಪ್ರಾಮಾಣಿಕತೆಯಿಂದ. ಸಹಿ ಹಾಕಿದ್ದು ಮಾತ್ರ ಹಗೆಯಿಂದ, ಮತ್ತು ಅದರ ಬಗ್ಗೆ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಮರುದಿನ ಮಧ್ಯಾಹ್ನ ಒಂದೇ ವ್ಯಾನಿನಲ್ಲಿ, ನಡುವೆ ಜಾಲರಿ ಹಾಕಿ, ಇಬ್ಬರನ್ನೂ ಆರೋ ಮನಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಸಂಕನಾಳ ತನ್ನ ವಕೀಲನ ಹೆಸರು ಹೇಳುತ್ತಿದ್ದ. ಅಲ್ಲಿ ವಕೀಲರಿಗೆ ಕೆಲಸವಿಲ್ಲ ಎಂದು ನೀಲಗಂಗಾ ತಿಳಿಸಿ ಹೇಳಿದಳು.

ಆರೋ ಮನಿ ಜೈಲಿನಂತಿರಲಿಲ್ಲ. ಗಾಳಿಗಿರಣಿಗಳ ಸಾಲಿನ ಕೆಳಗೆ ಬಯಲಲ್ಲಿ ಕಟ್ಟಿದ ಎರಡು ಉದ್ದನೆಯ ಕಟ್ಟಡ, ಒಂದು ಗಂಡಸರದು, ಒಂದು ಹೆಂಗಸರದು, ನಡುವೆ ಅಂಗಳ, ಅಂಗಳದ ನಡುವೆ ತಂತಿಬೇಲಿ. ಊಟ ಸಪ್ಪೆ, ಹಾಸಿಗೆ ಮೆತ್ತಗೆ. ಸೋಮವಾರ ಹನ್ನೊಂದಕ್ಕೆ ಎಲ್ಲರೂ ತಕ್ಕಡಿಯ ಮುಂದೆ ಮಾತಾಡಬೇಕು. ಸತತ ಮೂರು ಸೋಮವಾರ ನಲವತ್ತರ ಕೆಳಗೆ ಬಂದರೆ ಬಾಗಿಲು ತೆರೆಯುತ್ತದೆ. ಮೊದಲ ಎರಡು ತಿಂಗಳಲ್ಲಿ ಸಂಕನಾಳನ ಅಂಕ ಎಂಬತ್ತಮೂರರಿಂದ ಎಪ್ಪತ್ತು, ಎಪ್ಪತ್ತರಿಂದ ಐವತ್ತೆಂಟಕ್ಕೆ ಇಳಿಯಿತು. ಮಂಗಳವಾರ ಬೆಳಿಗ್ಗೆ ಸಾಲಾಗಿ ಎಲ್ಲರ ಅಂಕ ಫಲಕದ ಮೇಲೆ ಹಾಕುತ್ತಿದ್ದರು, ಅದಕ್ಕೇ ಅವಳಿಗೆ ತಿಳಿಯುತ್ತಿತ್ತು. ಹೀಗೇ ಹೋದರೆ ಶ್ರಾವಣಕ್ಕೆ ಅವನು ಮನೆಯಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ ಅವಳು ಹಲ್ಲು ಕಡಿದಳು.

ಒಂದು ಸೋಮವಾರ ಹನ್ನೊಂದಕ್ಕೆ ಸ್ವಲ್ಪ ಮೊದಲು ಅವಳು ಬಟ್ಟೆ ಒಣಹಾಕಲು ಅಂಗಳಕ್ಕೆ ಹೋದಳು. ಬೇಲಿಯಾಚೆ ಸಂಕನಾಳ ನಿಂತಿದ್ದ. ಅವಳು ಅವನನ್ನು ನೋಡಿ, ಗುರುತಿನವರನ್ನು ಕಂಡ ಹಾಗೆ ನಕ್ಕಳು. ಅಷ್ಟೇ ಮಾಡಿದ್ದು. ಮರುದಿನ ಫಲಕದ ಮೇಲೆ ಅವನ ಹೆಸರಿನ ಮುಂದೆ ಎಂಬತ್ತೊಂದು ಎಂದಿತ್ತು.

ಅಲ್ಲಿಂದ ಮುಂದೆ ಅವಳು ಒಂದು ಸೋಮವಾರವೂ ತಪ್ಪಿಸಲಿಲ್ಲ. ತಲೆ ಬಾಚಿ, ಒಗೆದ ಸೀರೆ ಉಟ್ಟು, ಹತ್ತೂ ಐವತ್ತಕ್ಕೆ ಬೇಲಿಯ ಬಳಿ ನಿಲ್ಲುವಳು. ಕೆಲವೊಮ್ಮೆ, "ಆರಾಮ ಅದೀರಿ?" ಎನ್ನುವಳು. ಸಂಕನಾಳನಿಗೆ ಇದೆಲ್ಲ ಅರ್ಥವಾಗದೆ ಇರಲಿಲ್ಲ. ನೋಡಬಾರದು ಎಂದು ಅವನೂ ಹಟ ಹಿಡಿದ, ಒಳಗೇ ಕೂತ, ಕಿವಿಗೆ ಹತ್ತಿ ಇಟ್ಟುಕೊಂಡ. ಆದರೆ ಅವಳು ಅಲ್ಲಿ ನಿಂತಿದ್ದಾಳೆ ಎಂಬುದು ಅವನಿಗೆ ಗೋಡೆಯಾಚೆಯಿಂದಲೂ ಗೊತ್ತಾಗುತ್ತಿತ್ತು. ಅಂಕ ಎಪ್ಪತ್ತರ ಕೆಳಗೆ ಇಳಿಯಲೇ ಇಲ್ಲ. ಹನ್ನೊಂದು ತಿಂಗಳಲ್ಲಿ ಅವನ ತಲೆ ಪೂರ್ತಿ ಬೆಳ್ಳಗಾಯಿತು. ಅದನ್ನು ನೋಡಿ ನೀಲಗಂಗಾಳಿಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹಬ್ಬದೂಟ ಉಂಡಷ್ಟು ಸಂತೋಷವಾಗುತ್ತಿತ್ತು. ತನ್ನ ಅಂಕ ಎಂಬತ್ತೈದಕ್ಕಿಂತ ಕೆಳಗೆ ಬಂದಿಲ್ಲ ಎಂಬುದು ಅವಳಿಗೆ ದೊಡ್ಡ ವಿಷಯವೇ ಆಗಿರಲಿಲ್ಲ.

ಗೌರವ್ವ ಎರಡು ವಾರಕ್ಕೊಮ್ಮೆ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಮೊದಮೊದಲು, "ಎಷ್ಟೈತಿ ಅವಂದು?" ಎಂದು ಕೇಳಿ, ಹೇಳಿದ್ದನ್ನು ಕೇಳಿ ತಲೆಯಾಡಿಸುತ್ತಿದ್ದಳು. ಈಚೆಗೆ ಕೇಳುವುದನ್ನು ಬಿಟ್ಟಿದ್ದಳು. ಈ ಭಾನುವಾರ ಬುತ್ತಿಯ ಜೊತೆ ಒಂದು ಹಾಳೆ ಬಿಚ್ಚಿಟ್ಟಳು. ಅದು ವರ್ಗಾವಣೆಯ ಅರ್ಜಿ. ಇಲ್ಲಿಯ ಡಾಕ್ಟರೇ ಕೊಟ್ಟದ್ದು. ಇನ್ನೊಂದು ಜಿಲ್ಲೆಯ ಕೇಂದ್ರಕ್ಕೆ ಹೋದರೆ, ಆ ಮನುಷ್ಯನ ಮುಖ ಕಾಣದಿದ್ದರೆ, ಮೂರು ತಿಂಗಳಲ್ಲಿ ನೀಲಗಂಗಾ ಮನೆಗೆ ಬರಬಹುದು ಎಂದು ಅವರ ಅಂದಾಜು.

"ಸಹಿ ಹಾಕವಾ. ನನಗ ವಯಸ್ಸಾತು. ಅಂವ ಒಬ್ಬನ್ನ ಕೊಂದ, ನಾವು ಸತ್ತಾಂವನ ಕೂಡ ಸಾಯಾಕತ್ತೇವಿ."

"ನಾ ಹೋದ್ರ ಅಂವ ಹೊರಗ ಬರ್ತಾನ್ರಿ ಅತ್ತಿ."

"ಬರ್ಲಿ. ನನಗ ಮಗ ಬರಂಗಿಲ್ಲ, ಸೊಸಿ ಆದ್ರೂ ಬರ್ಲಿ."

"ಅದನ್ನ ನೀವು ಹೇಳ್ತೀರಿ? ರೊಟ್ಟಿ ಬಡಿಯೂ ಮುಂದ ಅವನ ಮಾರಿ ನೆನಸ್ತಿದ್ದಾವರು?"

"ನಾ ರೊಟ್ಟಿ ಬಡದ ಸಿಟ್ಟ ಇಳಿಸಿಕೋತಿದ್ದೆ," ಎಂದಳು ಗೌರವ್ವ. "ನೀ ಹಂಗ ಮಾಡಲಿಲ್ಲ."

ನೀಲಗಂಗಾ ಹಾಳೆಯನ್ನು ಬುತ್ತಿಯ ಬಟ್ಟೆಯ ಕೆಳಗೆ ಸರಿಸಿದಳು. ಮಾತು ಬೇರೆ ಕಡೆ ತಿರುಗಿಸಲು ಮಗಳ ಕಡೆ ನೋಡಿದಳು. ಮಧುರಾ ಈಗ ಹನ್ನೆರಡರವಳು. ಎರಡು ಜಡೆ ನೀಟಾಗಿ ಹೆಣೆದಿದ್ದವು.

"ಈಗ ಹಟಾ ಇಲ್ಲ, ಅಳೂದಿಲ್ಲ," ಎಂದಳು ಗೌರವ್ವ. "ಹಾಲು ಕೊಟ್ರ ಕುಡೀತಾಳ. ಭಾಳ ಶ್ಯಾಣೆ ಆಗ್ಯಾಳ. ಸಾಲ್ಯಾಗ ಎಲ್ಲಾರೂ ಹೊಗಳ್ತಾರ."

"ಅವ್ವಾ," ಎಂದಳು ಮಧುರಾ, "ಅಂವ ಯಾವ ಖೋಲ್ಯಾಗ ಇರ್ತಾನ?"

"ಯಾಕ?"

"ಸುಮ್ಮ ಕೇಳಿದೆ. ಅಂವ ಹೊರಗ ಬಂದ್ರ ಅವನ ಮನಿಗೆ ಹೋಗೂ ದಾರಿ ನನಗ ಗೊತ್ತೈತಿ. ನೀ ಚಿಂತಿ ಮಾಡಬ್ಯಾಡ. ನೀನ ಇಲ್ಲಿ ಇರಬೇಕಂತಿಲ್ಲ."

ಹುಡುಗಿ ಅದನ್ನು ಹೋಂವರ್ಕು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಆಮೇಲೆ ಬುತ್ತಿಯಿಂದ ಶೇಂಗಾ ಹೋಳಿಗೆ ತೆಗೆದು ಅವ್ವನಿಗೊಂದು, ಅಜ್ಜಿಗೊಂದು ಕೊಟ್ಟು ತಾನೂ ತಿಂದಳು.

ಅವರು ಹೋದ ಮೇಲೆ ಫರ್ಹಾನಾ ಬಂದಳು. ಆ ಕೇಂದ್ರದ ಯಂತ್ರಗಳ ಉಸ್ತುವಾರಿಯೂ ಅವಳದೇ, ಅಂದು ಬಾಗಿಲ ಬಳಿಯ ತಕ್ಕಡಿ ಸರಿ ಮಾಡಲು ಬಂದಿದ್ದಳು. ಒಳಗೆ ಬರುವ ಭೇಟಿಗಾರರೂ ಅದರ ಮುಂದೆ ತಮ್ಮ ಹೆಸರು, ಯಾರನ್ನು ನೋಡಲು ಬಂದದ್ದು ಎಂದು ಹೇಳಬೇಕಿತ್ತು. ಮಕ್ಕಳದನ್ನು ಬರೆದಿಡುವುದಿಲ್ಲ, ಆದರೆ ಅಂಕ ಪರದೆಯ ಮೇಲೆ ಬರುತ್ತದೆ.

"ನಾ ಹೇಳಬಾರದ್ರಿ. ಹೇಳದ ಇರಾಕೂ ಆಗವಲ್ದು. ಮಧುರಾಂದು."

"ಎಷ್ಟು?"

"ಎಪ್ಪತ್ತೇಳು. ಹ್ವಾದ ತಿಂಗಳು ಐವತ್ತು ಇತ್ತು. ನಾ ಎರಡ ಸಲ ಸೊನ್ನಿ ನೋಡಿದೆ ಮೇಡಂ. ಸೊನ್ನಿ ಸರಿ ಐತಿ."

ನೀಲಗಂಗಾಳಿಗೆ ಮೊದಲು ಆದದ್ದು ಹೆಮ್ಮೆ. ಸುಳ್ಳೇಕೆ ಹೇಳಬೇಕು, ಹೆಮ್ಮೆಯೇ ಆಯಿತು. ತಾನು ಮುಗಿಸದೆ ಹೋದರೂ ಇವಳು ಮುಗಿಸುತ್ತಾಳೆ, ಫಕ್ಕೀರೇಶನ ರಕ್ತ ನೀರಾಗಿಲ್ಲ ಎಂದುಕೊಂಡಳು. ಆ ಹೆಮ್ಮೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಅವಳೊಳಗೆ ಬೆಚ್ಚಗೆ ಕೂತಿತ್ತು. ಆಮೇಲೆ ಮಗಳು ಹೋಳಿಗೆ ಹಂಚಿದ ಕೈ ಕಣ್ಣಿಗೆ ಬಂತು. ಸಣ್ಣ ಕೈ, ಉಗುರಿನಲ್ಲಿ ಶಾಯಿ. ಇನ್ನು ಆರು ವರ್ಷಕ್ಕೆ ಅವಳಿಗೆ ಹದಿನೆಂಟು ತುಂಬುತ್ತದೆ. ಆಗ ಅವಳ ಅಂಕವನ್ನೂ ಬರೆದಿಡುತ್ತಾರೆ. ಈ ಬೆಂಚಿನ ಮೇಲೆ, ಈ ಬೇಲಿಯ ಮುಂದೆ ಅವಳು ಕೂರುತ್ತಾಳೆ. ಇಲ್ಲದಿದ್ದರೆ ಇದಕ್ಕಿಂತ ಕೆಟ್ಟ ಜಾಗದಲ್ಲಿ. ಆ ಮುದುಕ ಒಂದೋ ಇವಳ ಕೈಯಲ್ಲಿ ಸಾಯುತ್ತಾನೆ, ಇಲ್ಲವೇ ಇವಳನ್ನೂ ನುಂಗುತ್ತಾನೆ. ಗಂಡನನ್ನು ಕೊಟ್ಟಾಗಿತ್ತು, ತನ್ನನ್ನು ತಾನೇ ಕೊಟ್ಟುಕೊಂಡಿದ್ದಳು. ಮೂರನೆಯವಳನ್ನೂ ಅವನಿಗೆ ಕೊಡಲು ಅವಳ ಹಗೆ ಕೂಡ ಒಪ್ಪಲಿಲ್ಲ.

"ಪೆನ್ನ ಐತೇನು?" ಎಂದಳು.

ಫರ್ಹಾನಾ ಕೊಟ್ಟಳು. "ಅಂವ ಹೊರಗ ಬರ್ತಾನ್ರಿ. ನಿಮಕಿಂತ ಮೊದಲ ಬರ್ತಾನ."

"ಗೊತ್ತೈತಿ."

"ಕ್ಷಮಾ ಮಾಡಿದ್ರೇನ್ರಿ?"

ನೀಲಗಂಗಾ ತಲೆ ಎತ್ತಿ ಅವಳನ್ನು ನೋಡಿದಳು. "ಬದುಕ್ಲಿ ಭಾಡ್ಯಾ," ಎಂದಳು. ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.

ಮರುದಿನ ಸೋಮವಾರ. ವರ್ಗಾವಣೆಗೆ ಇನ್ನೂ ಒಂದು ವಾರವಿತ್ತು. ಹತ್ತೂ ಐವತ್ತಕ್ಕೆ ಅವಳು ತನ್ನ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಅಂಗಳದಲ್ಲಿ ಚಪ್ಪಲಿಯ ಸದ್ದು ಬೇಲಿಯ ತನಕ ಬಂದು ನಿಂತಿತು. ಅವಳು ಬಂದಿಲ್ಲವೆಂದು ಕಂಡ ಸಂಕನಾಳ ಈಗ ತಾನೇ ಕಾಯುತ್ತಿದ್ದ. ಬಹಳ ಹೊತ್ತು ಕಾಯ್ದ. ಒಂದು ಸಲ ಕೆಮ್ಮಿದ. "ಮೇಡಂ, ಆರಾಮ ಅದೀರೇನ್ರಿ?" ಎಂದು ಕೂಗಿದ ಧ್ವನಿಯಲ್ಲಿ ಆಗಲೇ ನಗು ಬಂದಿತ್ತು. ಎದ್ದು ಹೋಗಿ ಒಮ್ಮೆ ಮುಖ ತೋರಿಸಿದರೆ ಸಾಕಿತ್ತು, ಆ ನಗು ಸಾಯುತ್ತಿತ್ತು, ಅವನ ಅಂಕ ಮತ್ತೆ ಏರುತ್ತಿತ್ತು. ನೀಲಗಂಗಾ ಹಲ್ಲು ಕಚ್ಚಿ, ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡಿಸದೆ, ಹನ್ನೊಂದರ ಗಂಟೆ ಬಾರಿಸುವ ತನಕ ಅಲ್ಲೇ ಕೂತಿದ್ದಳು.